ಅಕ್ಷರದ ಮಗ್ಗಲು

ವೀರವ್ವನ ಮನೆಯ ಬಟ್ಟೆ ಒಗೆಯುವ ಕಲ್ಲಿಗೆ ಹಾನಗಲ್ಲಿನಲ್ಲಿ ಶಾಲು ಹೊದಿಸುತ್ತಾರಂತೆ ಎಂಬ ಸುದ್ದಿ ಹಬ್ಬಿದಾಗ ಊರಲ್ಲಿ ನಗದವರು ಕಡಿಮೆ. ಶಾಲು ಕಲ್ಲಿಗಲ್ಲ, ಕಲ್ಲು ಕೊಟ್ಟ ಮನೆಯವರಿಗೆ ಎಂದು ಮಗ ಮಾಲತೇಶ ಚಹಾದಂಗಡಿಯಲ್ಲಿ ಕುಳಿತು ಹತ್ತು ಮಂದಿಗೆ ತಿದ್ದಿ ಹೇಳಿದ. ಹೇಳಿದಷ್ಟೂ ಜನ ಹೆಚ್ಚು ನಕ್ಕರು. ಅವನಿಗೇನೂ ಬೇಜಾರಾಗಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವನ ಹೆಸರು ಕರಪತ್ರದಲ್ಲಿ ಅಚ್ಚಾಗಿತ್ತು. ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ತಿರುಗುತ್ತಿದ್ದ.

ಕಾರ್ಯಕ್ರಮ ಸಂಜೆ ಐದಕ್ಕೆ. ವೀರವ್ವನನ್ನು ಬಾ ಎಂದು ಯಾರೂ ಕರೆದಿರಲಿಲ್ಲ. ಅರವತ್ತಮೂರರ ಮುದುಕಿ, ಮೊಣಕಾಲು ನೋವು. ಹದಿನಾಲ್ಕು ಕಿಲೋಮೀಟರ್ ಬಸ್ಸಿನಲ್ಲಿ ಕುಲುಕಿಸಿಕೊಂಡು ಹೋಗಿ ಭಾಷಣ ಕೇಳುವ ಹಂಬಲ ಆಕೆಗೆ ಎಲ್ಲಿಂದ ಬರಬೇಕು? ಮಗ, ಸೊಸೆ ಇಬ್ಬರೂ ಹಾಗೇ ತಿಳಿದಿದ್ದರು. ಮಧ್ಯಾಹ್ನದ ಊಟವಾದ ಮೇಲೆ ನೋಡಿದರೆ ಮುದುಕಿ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದಾಳೆ.

“ಎಲ್ಲಿಗಿ ಹೊಂಟೀಯವ್ವಾ?” ಎಂದ ಮಾಲತೇಶ.

“ನಿನ್ನ ಕೂಡ ಬರ್ತೇನಿ.”

“ಅಲ್ಲೇನೈತಿ? ಬರೇ ಭಾಷಣ ಹೊಡಿತಾರ. ರಾತ್ರಿ ಕಾಲು ನೋಯ್ತಾವು ಅಂತೀ ಮತ್ತ.”

“ಕಾಲು ನನ್ನವು. ನೀ ನಡಿ.”

ಅವ್ವನಿಗೆ ಕಲ್ಲಿನ ನೆನಪಾಗಿರಬೇಕು ಎಂದುಕೊಂಡ ಮಾಲತೇಶ. ಅದೂ ಸುಳ್ಳಲ್ಲ. ಕಲ್ಲು ಹಾನಗಲ್ಲಿಗೆ ಹೋದಾಗಿನಿಂದ ವೀರವ್ವ ಗೊಣಗುತ್ತಲೇ ಇದ್ದಳು. ಅದರ ಜಾಗದಲ್ಲಿ ಮಗ ಸಿಮೆಂಟಿನ ಕಟ್ಟೆ ಕಟ್ಟಿಸಿಕೊಟ್ಟಿದ್ದ. ನುಣ್ಣಗಿನ ಕಟ್ಟೆಯ ಮೇಲೆ ಬಟ್ಟೆ ಜಾರುತ್ತದೆ, ಕೊಳೆ ಬಿಡುವುದಿಲ್ಲ ಎಂದು ದಿನಾ ಒಂದು ಸಲವಾದರೂ ಹೇಳಬೇಕು ಆಕೆ. ಆದರೆ ಮುದುಕಿಯ ನಿದ್ದೆ ಕೆಟ್ಟದ್ದು ಬಟ್ಟೆಯ ಕೊಳೆಗಲ್ಲ.

ಕಲ್ಲಿನ ಸುದ್ದಿ ಹೊರಬಿದ್ದದ್ದು ದೀಪಾವಳಿಯ ಆಸುಪಾಸಿನಲ್ಲಿ. ಶಿಗ್ಗಾಂವಿ ತಾಲೂಕಿನ ಹಿರೇಬೆಂಡಿಗೇರಿಯ ಹುಡುಗಿ ವಿದ್ಯಾಶ್ರೀ, ಹಳೆಯ ಶಾಸನಗಳ ಮೇಲೆ ಪಿಎಚ್.ಡಿ. ಮಾಡುವಾಕೆ, ಸ್ಕೂಟಿ ಏರಿ ಊರೂರು ತಿರುಗುತ್ತ ಇವರ ಬಾಗಿಲಿಗೆ ಬಂದು ಕುಡಿಯಲು ನೀರು ಕೇಳಿದಳು. ತಂಬಿಗೆ ಕೈಗೆ ತಗೊಂಡವಳು ಕುಡಿಯಲೇ ಇಲ್ಲ. ಹಿತ್ತಿಲ ಕಡೆ ನೋಡಿದಳು. ಸಾಬೂನಿನ ನೊರೆಯ ನಡುವೆ ಕಲ್ಲಿನ ಮೇಲೆ ಅಕ್ಷರ ಕಂಡಿದ್ದವು. ಹುಡುಗಿ ತಂಬಿಗೆ ಅಲ್ಲೇ ಇಟ್ಟು ನೊರೆಯಲ್ಲೇ ಮೊಣಕಾಲೂರಿ ಕುಳಿತುಬಿಟ್ಟಳು.

“ಅವ್ವಾರ, ಇದರ ಮ್ಯಾಲೆ ಎಷ್ಟು ವರ್ಷದಿಂದ ಒಗ್ಯಾಕತ್ತೀರಿ?”

“ನಾ ಈ ಮನಿಗೆ ಬಂದ ವರ್ಷದಿಂದ. ಅಕ್ಷರದ ಮಗ್ಗಲು ಮ್ಯಾಲೆ ಇದ್ರ ಬಟ್ಟಿಗೆ ಹಿಡಿತ ಸಿಗ್ತೈತಿ ನೋಡವಾ.”

ಹುಡುಗಿ ತಲೆಯ ಮೇಲೆ ಕೈ ಹೊತ್ತಳು. ಆಮೇಲೆ ಕಲ್ಲಿನ ಕೆಳಗಿನ ಅಂಚನ್ನು ಬೆರಳಿನಿಂದ ಸವರಿ ನೋಡಿ, “ಇದು ಮುರದೈತಿ. ಇದರ ಉಳಿದ ತುಂಡು ಎಲ್ಲೈತ್ರಿ?” ಎಂದಳು. ಮಾಲತೇಶ ಠೀವಿಯಿಂದ, “ಇದ್ದದ್ದ ಇಷ್ಟರಿ. ನಾ ಹುಟ್ಟಿದಾಗಿಂದ ಇಷ್ಟ ನೋಡೇನಿ” ಎಂದ. ಅವನ ಮಟ್ಟಿಗೆ ಅದು ನಿಜ. ವೀರವ್ವ ಮಾತ್ರ ಒಗೆದ ಧೋತರವನ್ನೇ ಮತ್ತೊಮ್ಮೆ ಹಿಂಡತೊಡಗಿದಳು. ಉಳಿದ ತುಂಡು ಎಲ್ಲಿದೆ ಎಂಬುದು ಈ ಭೂಮಿಯ ಮೇಲೆ ಈಗ ಆಕೆಯೊಬ್ಬಳಿಗೇ ಗೊತ್ತಿತ್ತು.

ಆ ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ಮುಚ್ಚಿಟ್ಟು ಕುತೂಹಲ ಬೆಳೆಸುವ ಸಂಗತಿ ಅದಲ್ಲ.

ವೀರವ್ವ ಹುಟ್ಟಿದ್ದು ಹಿರೇಕೆರೂರಿನಲ್ಲಿ, ಹತ್ತಿ ವ್ಯಾಪಾರದ ಅಡತಿಗಳ ಓಣಿಯಲ್ಲಿ. ನಾಲ್ಕು ಗಂಡುಮಕ್ಕಳ ಬೆನ್ನಿಗೆ ಹುಟ್ಟಿದ ಹೆಣ್ಣು. ಅಣ್ಣಂದಿರು ಪಾಟಿ ಹಿಡಿದು ಸಾಲೆಗೆ ಹೋದರು, ಈಕೆ ಅವರ ಪಾಟಿ ತೊಳೆದುಕೊಟ್ಟಳು. ಅಕ್ಷರದ ಜೊತೆ ಆಕೆಯ ಸಂಬಂಧ ಅಷ್ಟಕ್ಕೇ ಮುಗಿಯಿತು. ಹದಿನೇಳಕ್ಕೆ ಹಾನಗಲ್ಲ ತಾಲೂಕಿನ ಈ ಹಳ್ಳಿಯ ಕರಬಸಪ್ಪನಿಗೆ ಕೊಟ್ಟರು. ಕರಬಸಪ್ಪ ಮಾತು ಕಡಿಮೆ, ದುಡಿತ ಜಾಸ್ತಿ. ಮಾತಿನ ಪಾಲನ್ನೆಲ್ಲ ಅವನ ತಾಯಿ ಹೊನ್ನವ್ವ ವಹಿಸಿಕೊಂಡಿದ್ದಳು.

ಮದುವೆಯಾದ ವರ್ಷವೇ ಊರ ಕೆರೆಯ ಏರಿ ರಿಪೇರಿ ನಡೆಯಿತು. ಅಗೆಯುವಾಗ ಆಳೆತ್ತರದ ಕಲ್ಲೊಂದು ಮೇಲೆ ಬಂತು, ಮೈತುಂಬ ಅಕ್ಷರ. ನಿಧಿಯ ಕಲ್ಲು ಎಂದರು ಕೆಲವರು, ಶಾಪದ ಕಲ್ಲು ಎಂದರು ಕೆಲವರು, ಯಾರೂ ಮುಟ್ಟಲಿಲ್ಲ. ಹೊಸ ಹೆಂಡತಿ ಹರಕು ಹಾಸುಗಲ್ಲಿನ ಮೇಲೆ ಬಟ್ಟೆ ಒಗೆಯುವುದನ್ನು ದಿನಾ ನೋಡುತ್ತಿದ್ದ ಕರಬಸಪ್ಪ ನಾಲ್ಕು ಜನರನ್ನು ಕೂಡಿಸಿ ಅದನ್ನು ಚಕ್ಕಡಿಗೆ ಏರಿಸಿಕೊಂಡು ಬಂದ. ಮನೆಯ ಮುಂದೆ ಇಳಿಸುವಾಗ ಕಲ್ಲು ಜಾರಿ ಬಿದ್ದು ಎರಡು ತುಂಡಾಯಿತು. ಹೊನ್ನವ್ವ ಮೂರು ದಿನ ಬೈದಳು. ದೊಡ್ಡ ತುಂಡು ಹಿತ್ತಿಲಿಗೆ ಹೋಯಿತು. ಮೊಣಕಾಲೆತ್ತರದ ಸಣ್ಣ ತುಂಡು ದನದ ಕೊಟ್ಟಿಗೆಯ ಗೋಡೆಗೆ ಆತು ನಿಂತಿತು.

ಮರುವರ್ಷ ವೀರವ್ವ ಗಂಡು ಹೆತ್ತಳು. ಕೂಸು ಒಂಬತ್ತು ದಿನ ಇತ್ತು. ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕುವುದೆಂದು ಗೊತ್ತಾಗಿತ್ತು. ಕರಬಸಪ್ಪನ ತಂಗಿ, ಅಂದರೆ ಕೂಸಿನ ಸೋದರತ್ತೆ, ತಲೆಗೆ ಹಾಕುವ ಕುಂಚಿಗೆ ಹೊಲಿಸಿಕೊಂಡು ಬರುವವಳಿದ್ದಳು. ಸೋದರತ್ತೆ ಬಂದು ಬಾಗಿ ಕಿವಿಯಲ್ಲಿ ಹೇಳಿದ ಮೇಲೆಯೇ ಕೂಸಿಗೆ ಹೆಸರು. ಅಲ್ಲಿಯವರೆಗೆ ಅದು ಬರೀ ಕೂಸು. ಆಕೆ ಬರುವ ಮೊದಲೇ ಎಲ್ಲ ಮುಗಿಯಿತು. ಕರಬಸಪ್ಪ ಬಿಳಿ ಅರಿವೆಯಲ್ಲಿ ಸುತ್ತಿಕೊಂಡು ಹೊಲಕ್ಕೆ ಹೋಗಿ ಬದುವಿನ ಮಗ್ಗಲಲ್ಲಿ ಮಣ್ಣು ಕೊಟ್ಟು ಬಂದ. “ಹೆಸರ ಇಲ್ಲದ್ದಕ್ಕ ಹೆಸರು ಹಿಡದು ಹ್ಯಾಂಗ ಅಳ್ತೀ? ಸುಮ್ನಾಗು, ಎದಿ ಹಾಲು ಕೆಡ್ತೈತಿ” ಎಂದಳು ಹೊನ್ನವ್ವ. ಆಕೆ ಕೆಟ್ಟ ಹೆಂಗಸಲ್ಲ, ತಾನೂ ಇಂಥವು ಎರಡು ಕಳಕೊಂಡವಳು. ಆದರೂ ಆ ಮಾತು ವೀರವ್ವನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ನಲವತ್ತೈದು ವರ್ಷವಾದರೂ ಕಿತ್ತು ಬಂದಿಲ್ಲ.

ಅವತ್ತು ಸಂಜೆ ಬಾಣಂತಿಯ ಕೋಣೆಯ ಬಾಗಿಲಲ್ಲಿ ನಿಂತು ಆಕೆ ಗಂಡನಿಗೆ ಹೇಳಿದಳು, “ನರಿ ಕೆದರ್ತಾವು. ಮ್ಯಾಲೆ ಕಲ್ಲ ಇಡ್ರಿ.” ಕರಬಸಪ್ಪ ಕೊಟ್ಟಿಗೆಯ ಗೋಡೆಗೆ ಆತು ನಿಂತ ತುಂಡನ್ನು ನೋಡಿದ. ಆಕೆಯೂ ನೋಡಿದಳು. “ಅಕ್ಷರದ ಮಗ್ಗಲು ಕೆಳಗ ಮಾಡಿ ಇಡ್ರಿ” ಎಂದಳು. ಯಾಕೆ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಹೇಳಲು ಆಕೆಗೂ ಬರುತ್ತಿರಲಿಲ್ಲ. ಹಣೆಯಲ್ಲಿ ಏನೂ ಬರೆಸಿಕೊಳ್ಳದೆ ಹೋದ ಕೂಸು, ಅದರ ಕಣ್ಣೆದುರಿಗೆ ಏನಾದರೂ ಬರೆದದ್ದು ಇರಲಿ ಎಂದು ಹದಿನೆಂಟರ ಆ ಹುಡುಗಿಗೆ ಅನಿಸಿತ್ತು, ಅಷ್ಟೇ. ಕರಬಸಪ್ಪ ಚಕ್ಕಡಿ ಹೂಡಿದ.

ಮುಂದೆ ಐದು ವರ್ಷಕ್ಕೆ ಮಾಲತೇಶ ಹುಟ್ಟಿದ. ಬಾಜೂ ಹೊಲದ ಪಟ್ಟಿ ಕೊಂಡು, ನಡುವಿನ ಬದು ಒಡೆದು, ಎರಡು ಹೊಲ ಒಂದಾದವು. ಕಲ್ಲು ಹೊಲದ ನಟ್ಟನಡುವೆ ಉಳಿಯಿತು. ಕರಬಸಪ್ಪನ ಎತ್ತು ಅದನ್ನು ಸುತ್ತು ಹೊಡೆದೇ ಹೋಗುತ್ತಿದ್ದವು. ಎತ್ತು ಹೋಗಿ ಟ್ರ್ಯಾಕ್ಟರ್ ಬಂತು, ಟ್ರ್ಯಾಕ್ಟರೂ ಸುತ್ತು ಹೊಡೆಯಿತು. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲುವಾಗ ನಾಲ್ಕು ದಿಕ್ಕಿಗೆ ಚೆಲ್ಲಿ ಮುಗಿದ ಮೇಲೆ ವೀರವ್ವ ಒಂದು ಸಜ್ಜಿ ಕಡಬು ಆ ಕಲ್ಲಿನ ಹತ್ತಿರ ಇಟ್ಟು ಬರುವಳು. ಗಂಡ ಬೇರೆ ಕಡೆ ಮುಖ ಮಾಡಿ ನಿಂತಿರುವನು. ಆ ವಿಷಯವಾಗಿ ಗಂಡಹೆಂಡತಿ ಜೀವಮಾನದಲ್ಲಿ ಒಂದು ಮಾತೂ ಆಡಿದವರಲ್ಲ. ಕರಬಸಪ್ಪ ತೀರಿಕೊಂಡು ಆರು ವರ್ಷ. ಹೋದ ಬೇಸಿಗೆಯಲ್ಲಿ ಮಾಲತೇಶ ಆ ಕಲ್ಲು ಕಿತ್ತು ಒಗೆಯುತ್ತೇನೆ, ಪ್ರತಿ ವರ್ಷ ಉಳುವ ಗಳೇವಿಗೆ ಅಡ್ಡ ಬರುತ್ತದೆ ಎಂದಾಗ, “ಅದು ನಿಮ್ಮಪ್ಪ ಇಟ್ಟದ್ದು. ಕೈ ಹಚ್ಚಬ್ಯಾಡ” ಎಂದು ಆಕೆ ಚೀರಿದ ರೀತಿಗೆ ಮಗ ಹೆದರಿ ಬಿಟ್ಟುಬಿಟ್ಟಿದ್ದ. ಹಳೆಯ ಗಡಿಕಲ್ಲು ಇರಬೇಕೆಂದು ತಿಳಿದಿದ್ದ ಅವನು.

ಈಗ ಆ ಹುಡುಗಿ ಬಂದು ಉಳಿದ ತುಂಡು ಎಲ್ಲಿ ಎಂದು ಕೇಳಿಹೋಗಿದ್ದಳು. ಹೇಳಿದರೆ ಹಾರೆ ಹಿಡಿದುಕೊಂಡು ಬಂದು ಕೂಸಿನ ಮೇಲಿನ ಕಲ್ಲು ಎತ್ತುತ್ತಾರೆ. ಹೇಳದಿದ್ದರೆ ಏನಾಗುತ್ತದೆ ಎಂಬುದು ಆಕೆಗೆ ಗೊತ್ತಿರಲಿಲ್ಲ. ಅದನ್ನು ತಿಳಿಯಲೆಂದೇ ಮುದುಕಿ ಇಳಕಲ್ ಸೀರೆ ಉಟ್ಟು ಹೊರಟದ್ದು.

ಹಾನಗಲ್ಲಿನಲ್ಲಿ ಬಸ್ಸಿಳಿದಾಗ ನಾಲ್ಕೂವರೆ. ಮಾಲತೇಶ ಮುಂದೆ, ವೀರವ್ವ ಹಿಂದೆ. ತಾರಕೇಶ್ವರ ಗುಡಿಯ ಮುಂದೆ ಹಾಯುವಾಗ ಆಕೆಯ ಕಾಲು ತಾವಾಗಿ ನಿಂತವು. ಈ ಗುಡಿಗೆ ಆಕೆ ಒಮ್ಮೆ ಬಂದಿದ್ದಳು. ಕೂಸು ಹೋದ ನಾಲ್ಕನೇ ತಿಂಗಳು, ಯಾಕೆಂದು ಹೇಳದೆ ಕರಬಸಪ್ಪ ಕರಕೊಂಡು ಬಂದಿದ್ದ. ಒಳಗೆ ನಿಲ್ಲಿಸಿ, ತಲೆ ಎತ್ತಿ ಚಾವಣಿಯಲ್ಲಿ ಕಡೆದ ದೊಡ್ಡ ಕಮಲದ ಹೂವು ತೋರಿಸಿದ್ದ. ಆಮೇಲೆ ಚುರುಮುರಿಯ ಗಿರ್ಮಿಟ್ ಕೊಡಿಸಿದ. ಹೆಂಡತಿಗೆ ಸಮಾಧಾನ ಹೇಳಲು ಅವನಿಗೆ ಬಂದದ್ದು ಅಷ್ಟೇ. ಇವತ್ತು ಅದು ನೆನಪಾಗಿ ಆಕೆಗೆ ಅವನ ಮೇಲೆ ಎಂದೂ ಬಾರದಷ್ಟು ಪ್ರೀತಿ ಬಂತು, ಹಿಂದೆಯೇ ಸಿಟ್ಟೂ ಬಂತು. ಇಂಥ ಹೊತ್ತಿನಲ್ಲಿ ಒಬ್ಬಳನ್ನೇ ಬಿಟ್ಟು ಹೋದನಲ್ಲ ಎಂಬ ಸಿಟ್ಟು.

“ಅವ್ವಾ, ಲಗೂ ಬಾ. ಹೊತ್ತು ಮುಣಗಿದ್ರ ಕಲ್ಲು ಕಾಣಂಗಿಲ್ಲಂತ” ಎಂದು ಮಾಲತೇಶ ಕರೆದ.

ಹಾನಗಲ್ಲು ಬರಹದ ಊರು. ಗುಡಿಯ ಗೋಡೆಯಲ್ಲಿ, ಕೆರೆಯ ದಂಡೆಯಲ್ಲಿ, ಯಾರದೋ ಮನೆಯ ಮೆಟ್ಟಿಲಲ್ಲಿ ಕೂಡ ಹಳಗನ್ನಡದ ಸಾಲುಗಳು ಬಿದ್ದಿರುವ ಊರು. ಹಿಂದೆ ಕಲ್ಲಿಗೆ ಪದ್ಯ ಕಟ್ಟಿಕೊಡುವ ಕವಿಗಳಿದ್ದರಂತೆ ಇಲ್ಲಿ. ಸುತ್ತಲಿನ ಹಳ್ಳಿಯವರು ಕೆರೆ ಕಟ್ಟಿದರೆ, ಗುಡಿ ಎಬ್ಬಿಸಿದರೆ, ಇಲ್ಲಿಂದ ಪದ್ಯ ಬರೆಸಿಕೊಂಡು ಹೋಗುತ್ತಿದ್ದರಂತೆ. ಊರಿನ ಓದುಗರ ಬಳಗವೊಂದು ಅಂಥ ಅನಾಥ ಕಲ್ಲುಗಳನ್ನು ಹಳೆಯ ವಾಡೆಯೊಂದರ ಅಂಗಳದಲ್ಲಿ ಕೂಡಿಸಿ ನಿಲ್ಲಿಸುತ್ತಿತ್ತು. ಬಳಗದ ಹಿರಿಯರು ನೀಲಪ್ಪ ಮಾಸ್ತರು, ನಿವೃತ್ತ ಕನ್ನಡ ಶಿಕ್ಷಕರು. ನಲವತ್ತು ಕುರ್ಚಿ ಹಾಕಿಸಿದ್ದರು, ಹದಿನೈದು ಜನ ಬಂದಿದ್ದರು.

ವೀರವ್ವ ತನ್ನ ಕಲ್ಲನ್ನು ಗುರುತಿಸಲಿಲ್ಲ. ಆಕೆ ಅದನ್ನು ಎಂದೂ ಮಲಗಿದ್ದಾಗಲೇ ನೋಡಿದ್ದು. ಇಲ್ಲಿ ಅದು ಎದ್ದು ನಿಂತಿತ್ತು. ಮೈ ತೊಳೆಸಿಕೊಂಡು, ನೆತ್ತಿಯ ಮೇಲೆ ಸೂರ್ಯ ಚಂದ್ರ ಇಟ್ಟುಕೊಂಡು, ಬೇರೆ ಯಾರೋ ದೊಡ್ಡವರ ಹಾಗೆ ನಿಂತಿತ್ತು. ವಿದ್ಯಾಶ್ರೀ ಓಡಿ ಬಂದು ಕೈ ಹಿಡಿದಳು.

“ಬರ್ರಿ ಅವ್ವಾರ, ನೀವು ಬಂದದ್ದು ಭಾಳ ಚೊಲೋ ಆತು. ಈಗ ನೋಡ್ರಿ, ಬಿಸಿಲು ಓರೆ ಬಿದ್ದಾಗ ಹೆಂಗ ಏಳ್ತಾವು ಅಕ್ಷರ. ಇಪ್ಪತ್ತು ನಿಮಿಷ ಅಷ್ಟ ಇರ್ತೈತಿ ಈ ಬೆಳಕು. ಅದಕ್ಕ ಸಂಜಿಮುಂದ ಇಟ್ಟೇವಿ.”

ಪಡುವಣದ ಗೋಡೆಯ ಮೇಲಿಂದ ಬಿಸಿಲು ಇಳಿದು ಕಲ್ಲಿನ ಮೈಯನ್ನು ಒಂದು ಮಗ್ಗಲಿನಿಂದ ಸವರಿತು. ನಿಜ, ಅಕ್ಷರ ಎದ್ದವು. ಮೇಲೆ ಎದ್ದವು, ಕೆಳಗೆ ಎದ್ದವು. ನಡುವೆ ಒಂದು ಮೊಳದಷ್ಟು ಜಾಗ ನುಣ್ಣಗೆ, ಬೋಳಾಗಿ ಉಳಿಯಿತು. ಆ ಜಾಗವನ್ನು ವೀರವ್ವ ಗುರುತಿಸಿದಳು. ಅದು ಆಕೆಯ ಜಾಗ. ಹೊಲದ ಮಣ್ಣಿನ ಧೋತರ, ಮಾಲತೇಶನ ದುಪ್ಪಟಿ, ಮೊಮ್ಮಗಳ ಯುನಿಫಾರ್ಮು, ಎಲ್ಲವನ್ನೂ ಆಕೆ ಬಡಿದು ತಿಕ್ಕಿದ್ದು ಅಲ್ಲೇ.

“ಇದನ್ನ ನಾ ಒಗದು ಒಗದು ಅಳಿಸಿದ್ನೇನ ತಂಗಿ?”

“ಬರೇ ನೀವ ಅಲ್ರಿ... ಮಳಿ, ಬಿಸಿಲು ಎಲ್ಲಾ ಇರ್ತೈತಲ್ಲ” ಎಂದಳು ಹುಡುಗಿ. ಒಳ್ಳೆಯ ಹುಡುಗಿ, ಸುಳ್ಳು ಹೇಳಲು ಬರುತ್ತಿರಲಿಲ್ಲ. ವೀರವ್ವ ತನ್ನ ಎರಡೂ ಕೈ ಸೆರಗಿನೊಳಗೆ ಎಳೆದುಕೊಂಡಳು.

ವಿದ್ಯಾಶ್ರೀ ಬೆರಳಿಟ್ಟು ಓದುತ್ತ ಹೋದಳು. ಒಂದು ಸಾಲು ಹಳಗನ್ನಡ, ಹಿಂದೆಯೇ ಅದರ ಅರ್ಥ. ಅದರಲ್ಲಿ ನಿಧಿಯೂ ಇರಲಿಲ್ಲ, ಶಾಪವೂ ಇರಲಿಲ್ಲ. ಊರಗೌಡನೊಬ್ಬ ಕೆರೆ ಕಟ್ಟಿಸಿದ. ಈ ನೀರು ಕುಡಿದ ಎತ್ತು, ಈ ನೀರು ಕುಡಿದ ಹಕ್ಕಿ, ದಾರಿಯಲ್ಲಿ ಹೋಗುವ ಹೆಸರು ಗೊತ್ತಿಲ್ಲದ ಮನುಷ್ಯ, ಎಲ್ಲರೂ ಕೆರೆ ಕಟ್ಟಿಸಿದವನ ನೆಂಟರು ಎಂದಿತ್ತು ಪದ್ಯ. ವೀರವ್ವ ಬಾಯಿ ತೆರೆದು ಕೇಳಿದಳು. ಆ ಕೆರೆಯ ನೀರನ್ನು ಆಕೆ ನಲವತ್ತಾರು ವರ್ಷದಿಂದ ಹೊತ್ತಿದ್ದಾಳೆ, ಕುಡಿದಿದ್ದಾಳೆ. ಇಷ್ಟು ಚಂದದ ಮಾತಿನ ಮೇಲೆ ನಾನು ಹೊಲಸು ಬಟ್ಟೆ ಒಗೆದೆನೇ ಎಂದು ಆಕೆಗೆ ನಾಚಿಕೆಯಾಯಿತು.

ಕೊನೆಯ ಸಾಲಿಗೆ ಬಂದು ಹುಡುಗಿ ನಿಂತಳು. “ಇಲ್ಲಿ ನೋಡ್ರಿ. ‘ಇಂತಪ್ಪ ಪದ್ಯಮಂ ಪೇಳ್ದವಂ’ ಅಂತೈತಿ. ಈ ಪದ್ಯ ಹೇಳಿದಾಂವ ಅಂತ. ಮುಂದ ಅಂವನ ಹೆಸರು ಇರಬೇಕು. ಅಲ್ಲೇ ಸರೀ ಮುರದೈತಿ.”

“ಹೆಸರು?”

“ಹೂನ್ರಿ. ಉಳಿದ ತುಂಡಿನ ಮ್ಯಾಲೆ ಇರೂದು ಅಂವನ ಹೆಸರ.”

ವೀರವ್ವ ಹತ್ತಿರದ ಕುರ್ಚಿ ಹಿಡಿದು ಕುಳಿತಳು.

ಆಮೇಲೆ ಭಾಷಣ ನಡೆದವು. ನೀಲಪ್ಪ ಮಾಸ್ತರು ಮೈಕಿನ ಮುಂದೆ ನಿಂತು, ಕವಿಯ ತುಂಡು ಯಾವ ಕಟ್ಟಡದ ಬುನಾದಿಗೆ ಹೋಯಿತೋ, ಯಾವ ಕ್ರಷರಿನಲ್ಲಿ ಜಲ್ಲಿಯಾಯಿತೋ, ಇನ್ನು ಅದರ ಆಸೆ ಬಿಡಬೇಕು ಎಂದರು. ಗೋಡೆಯ ಹತ್ತಿರ ಪೇಂಟರನೊಬ್ಬ ತಗಡಿನ ಬೋರ್ಡು, ಬಿಳಿ ಬಣ್ಣದ ಡಬ್ಬಿ ಇಟ್ಟುಕೊಂಡು ಕಾಯುತ್ತಿದ್ದ. ಊರು, ಕಾಲ, ವಿಷಯ ಎಲ್ಲ ಬರೆದಾಗಿತ್ತು. ಕವಿ ಎಂಬುದರ ಮುಂದೆ ಜಾಗ ಖಾಲಿ ಬಿಟ್ಟಿದ್ದ. “ಅಲ್ಲಿ ‘ತಿಳಿದುಬಂದಿಲ್ಲ’ ಅಂತ ಬರದುಬಿಡಪಾ” ಎಂದು ಮಾಸ್ತರು ಮೈಕಿನಲ್ಲೇ ಹೇಳಿದರು. ಮಾಲತೇಶನಿಗೆ ಶಾಲು ಹೊದಿಸಿದರು. ಅವನು ಅವ್ವನ ಕಡೆ ನೋಡಿ ನಕ್ಕ. ಅವ್ವ ನೋಡುತ್ತಿದ್ದದ್ದು ಪೇಂಟರನ ಕುಂಚವನ್ನು.

ಜನ ಚಹಾಕ್ಕೆ ಎದ್ದರು. ವಿದ್ಯಾಶ್ರೀ ಒಂದು ಕಪ್ಪು ತಂದು ವೀರವ್ವನಿಗೆ ಕೊಟ್ಟು ಪಕ್ಕದಲ್ಲಿ ಕುಳಿತಳು.

“ತಂಗಿ, ಅಂವನ ಹೆಸರು ಸಿಗದಿದ್ರ ಏನಾಕ್ಕೈತಿ?”

“ಏನೂ ಆಗಂಗಿಲ್ರಿ. ಒಂಬೈನೂರು ವರ್ಷ ಆತು. ಅಂಥಾಂವ ಒಬ್ಬ ಇದ್ದ ಅಂತ ಯಾರಿಗೂ ಗೊತ್ತಾಗಂಗಿಲ್ಲ, ಅಷ್ಟ.”

ಅಷ್ಟ. ನಲವತ್ತೈದು ವರ್ಷದ ಹಿಂದೆ ಹೊನ್ನವ್ವ ಹೇಳಿದ್ದೂ ಇದೇ ಮಾತು, ಬೇರೆ ಶಬ್ದಗಳಲ್ಲಿ. ವೀರವ್ವನ ಒಳಗೆ ಒಂದು ಜಗಳ ಹತ್ತಿತು. ಸುಮ್ಮನಿರು, ಎಂದಿತು ಒಂದು ದನಿ. ಅವನು ಯಾವ ಕಾಲದವನೋ, ಯಾರ ಮಗನೋ, ಹಾಳಾಗಿ ಹೋಗಲಿ. ನಿನ್ನ ಕೂಸಿಗೆ ಈ ಭೂಮಿಯ ಮೇಲೆ ಇರುವುದು ಆ ಒಂದು ಕಲ್ಲು, ಅದನ್ನೂ ಕೊಟ್ಟುಬಿಡುತ್ತೀಯಾ? ಇನ್ನೊಂದು ದನಿ ದೊಡ್ಡದಾಗಿರಲಿಲ್ಲ. ಅವನನ್ನೂ ಒಬ್ಬಳು ಹೆತ್ತಿದ್ದಳಲ್ಲ, ಎಂದಿತು. ಅವನಿಗೂ ಒಬ್ಬ ಸೋದರತ್ತೆ ಬಾಗಿ ಕಿವಿಯಲ್ಲಿ ಹೆಸರು ಹೇಳಿದ್ದಳಲ್ಲ. ಆ ಹೆಸರನ್ನು ಮಣ್ಣಿಗೆ ಬೋರಲು ಹಾಕಿಸಿದವಳು ನೀನು.

ಗೋಡೆಯ ಹತ್ತಿರ ಪೇಂಟರ ಬೋರ್ಡಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಕುಂಚ ಅದ್ದಿದ.

“ಏ ತಮ್ಮಾ, ಬರೀಬ್ಯಾಡ!” ಎಂದಳು ವೀರವ್ವ. ಮೈಕಿಲ್ಲದೆಯೇ ಅಂಗಳದ ತುಂಬ ಕೇಳಿಸಿತು. ಚಹಾ ಕುಡಿಯುತ್ತಿದ್ದವರು ತಿರುಗಿದರು. ಮಾಲತೇಶ ಶಾಲು ಸರಿಪಡಿಸಿಕೊಳ್ಳುತ್ತ ಓಡಿಬಂದ.

“ಏನಾತವ್ವಾ?”

ವೀರವ್ವ ಮಗನನ್ನು ನೋಡಲಿಲ್ಲ. ಹುಡುಗಿಯ ಕೈ ಹಿಡಿದುಕೊಂಡು ಆಕೆಗೇ ಹೇಳಿದಳು. “ಆ ತುಂಡು ನಮ್ಮ ಹೊಲದಾಗ ಐತಿ ಮಗಳ. ಅಕ್ಷರ ಕೆಳಗ ಮಾಡಿ ಇಟ್ಟೇವಿ. ಅದರ ಬುಡಕ್ಕ ನನ್ನ ಮಗ ಅದಾನ. ಒಂಬತ್ತು ದಿನದಾಂವ.”

ನೀಲಪ್ಪ ಮಾಸ್ತರು ಕನ್ನಡಕ ತೆಗೆದರು. ಮಾಲತೇಶ ಅವ್ವನ ಎದುರಿಗೆ ಕುಕ್ಕರಿಸಿ ಕುಳಿತ. ನಲವತ್ತರ ಗಂಡಸು, ಹೆಗಲ ಮೇಲೆ ಸನ್ಮಾನದ ಶಾಲು.

“ನನಗ ಅಣ್ಣ ಇದ್ದನೇನ್ಬೇ?”

“ಇದ್ದ.”

“ಮತ್ತ ಇಷ್ಟು ವರ್ಷ ಯಾಕ ಹೇಳ್ಲಿಲ್ಲ?”

“ಏನಂತ ಹೇಳ್ಲಿ? ಅಂವಗ ಹೆಸರ ಇರಲಿಲ್ಲಪಾ.”

ಆಗ ವೀರವ್ವ ಅತ್ತಳು. ನಲವತ್ತೈದು ವರ್ಷ ಬಿಟ್ಟು, ಪರವೂರಿನಲ್ಲಿ, ಗುರುತು ಪರಿಚಯ ಇಲ್ಲದವರ ಮುಂದೆ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತು ಅತ್ತಳು. ಮಾಲತೇಶ ಏನು ಮಾಡಬೇಕೆಂದು ತಿಳಿಯದೆ ಶಾಲು ತೆಗೆದು ಅವ್ವನ ಹೆಗಲಿಗೆ ಹಾಕಿದ.

ಕಲ್ಲು ಬೇಡ ಎಂದೇ ಮಾಸ್ತರು ಮೊದಲು ಹೇಳಿದರು. “ನೀವು ಬ್ಯಾಡ ಅಂದ್ರ ಮುಟ್ಟಂಗಿಲ್ಲ ತಾಯಿ. ನಾವು ಕೇಳೂದೂ ಇಲ್ಲ.” ವೀರವ್ವ ಕಣ್ಣೊರೆಸಿಕೊಂಡು, “ನಾಳೆ ಮುಂಜಾನೆ ಬರ್ರಿ. ಆದ್ರ ನಾ ಹೇಳಿದಂಗ ಮಾಡಬೇಕು” ಎಂದಳು. ಏನು ಮಾಡಬೇಕು ಎಂದು ಹೇಳಲಿಲ್ಲ. ತಿರುಗಿ ಹೋಗುವಾಗ ಬಸ್ಸಿನಲ್ಲಿ ತಾಯಿ ಮಗ ಮಾತಾಡಲಿಲ್ಲ. ಮಾತಿಲ್ಲದೆ ಇರುವುದನ್ನು ಮಾಲತೇಶ ಅಪ್ಪನಿಂದ ಕಲಿತಿದ್ದ.

ಮರುದಿನ ಬಿಸಿಲು ಏರುವ ಮೊದಲೇ ಅವರು ಬಂದರು. ವಿದ್ಯಾಶ್ರೀ, ಮಾಸ್ತರು, ಇಬ್ಬರು ಆಳು. ಗೋವಿನಜೋಳ ಕಿತ್ತು ಹೊಲ ಬೋಳಾಗಿತ್ತು, ನಡುವೆ ಕಲ್ಲೊಂದೇ. ಆಳುಗಳು ಹಾರೆ ತೂರಿಸಲು ಹೋದಾಗ ಮಾಲತೇಶ, “ತಡೀರಿ, ನಾ ಎತ್ತತೇನಿ” ಎಂದು ಹಾರೆ ಕಸಿದುಕೊಂಡ. ಅಂಚಿನ ಮಣ್ಣನ್ನು ಕೈಯಿಂದ ಬಿಡಿಸಿದ. ಹೋದ ಬೇಸಿಗೆಯಲ್ಲಿ ಇದೇ ಕಲ್ಲನ್ನು ಕಿತ್ತು ಒಗೆಯಲು ಹೊರಟಿದ್ದ ಮನುಷ್ಯ. ಒಂದು ಮಗ್ಗಲಿನಿಂದ ಮೆಲ್ಲಗೆ ಮೀಟಿದ, ಕಲ್ಲು ಎದ್ದು ನಿಂತಿತು.

ಅಕ್ಷರಗಳು ನಿನ್ನೆ ಕಡೆದ ಹಾಗೆ ಇದ್ದವು. ಮಳೆ ಬಿದ್ದಿರಲಿಲ್ಲ, ಬಿಸಿಲು ತಾಗಿರಲಿಲ್ಲ, ಯಾರೂ ಬಟ್ಟೆ ಒಗೆದಿರಲಿಲ್ಲ. ಆದರೆ ವೀರವ್ವ ನೋಡಿದ್ದು ಕಲ್ಲನ್ನಲ್ಲ. ಕಲ್ಲು ಎದ್ದ ಜಾಗದ ಕರಿಮಣ್ಣಿನ ಮೇಲೆ ಎರಡು ಸಾಲು ಉಬ್ಬಿ ಮೂಡಿದ್ದವು, ತಿರುವುಮುರುವಾಗಿ, ಒಂದು ಅಕ್ಷರವೂ ಬಿಡದೆ.

“ಇದೂ ಆ ಹೆಸರನ ಏನವಾ?”

“ಅದನರಿ” ಎಂದಳು ವಿದ್ಯಾಶ್ರೀ. ಕಲ್ಲಿನ ಮುಂದೆ ಬಾಗಿ ಸಾಲಿನ ಮೇಲೆ ಬೆರಳು ಓಡಿಸಿದಳು, ಆಕೆಯ ಮುಖ ಅರಳಿತು. ಮಾಸ್ತರು ಪುಸ್ತಕ, ಪೆನ್ನು ತೆಗೆದರು. ಹುಡುಗಿ ಬಾಯಿ ತೆರೆಯುವಷ್ಟರಲ್ಲಿ ವೀರವ್ವ ಕೈ ಎತ್ತಿ ತಡೆದಳು.

“ಈಗ ನಾ ಹೇಳಿದಂಗ ಮಾಡು. ನನ್ನ ನಾದಿನಿ ಹೋಗಿ ಹತ್ತು ವರ್ಷ ಆತು. ಆಕಿ ಮಾಡೂ ಕೆಲಸ ನೀ ಮಾಡು. ಬಾಗಿ ಅಂವನ ಕಿವ್ಯಾಗ ಹೇಳು. ಮೊದಲ ಅಂವಗ. ಆಮ್ಯಾಲೆ ಮಾಸ್ತರಿಗೆ.”

ಹುಡುಗಿ ಚಪ್ಪಲಿ ಬಿಟ್ಟಳು. ಮಣ್ಣಿನಲ್ಲಿ ಮೊಣಕಾಲೂರಿ, ಉಬ್ಬಿದ ಅಕ್ಷರಗಳಿಗೆ ತಾಗದ ಹಾಗೆ ಕೈಯೂರಿ, ಬಾಯಿ ನೆಲದ ಹತ್ತಿರ ಒಯ್ದು ಹೆಸರು ಹೇಳಿದಳು. ಮೆಲ್ಲಗೇ ಹೇಳಿದಳು, ಆದರೂ ಆ ಬೋಳು ಹೊಲದಲ್ಲಿ ನಿಂತ ಎಲ್ಲರಿಗೂ ಕೇಳಿಸಿತು. ಸೋವಯ್ಯ.

ಮಾಲತೇಶ ಬೇರೆ ಕಡೆ ಮುಖ ಮಾಡಿ ನಿಂತಿದ್ದ.

ಕಲ್ಲು ಹಾನಗಲ್ಲಿಗೆ ಹೋಯಿತು. ಬೋರ್ಡಿನ ಖಾಲಿ ಜಾಗದಲ್ಲಿ ಕವಿಯ ಹೆಸರನ್ನು ಪೇಂಟರ ಬರೆದ. ಹೊಲದ ಮಣ್ಣಿನ ಮೇಲಿದ್ದ ಅಕ್ಷರಗಳು ಮುಂಗಾರಿನ ಮೊದಲ ಮಳೆಗೆ ಕರಗಿದವು, ಕರಗುತ್ತವೆಂದು ವೀರವ್ವನಿಗೆ ಗೊತ್ತೇ ಇತ್ತು. ಮಳೆ ನಿಂತ ನಾಲ್ಕನೆಯ ದಿನ ಮಾಲತೇಶ ಹೊಲ ಹರಗಲು ಟ್ರ್ಯಾಕ್ಟರ್ ಹೊಡೆದುಕೊಂಡು ಹೋದ. ಬುತ್ತಿ ತಂದ ವೀರವ್ವ ಬದುವಿನ ಮೇಲೆ ಕುಳಿತು ನೋಡಿದಳು. ಹೊಲದ ನಡುವೆ ಈಗ ಏನೂ ಇರಲಿಲ್ಲ. ಟ್ರ್ಯಾಕ್ಟರ್ ಅಲ್ಲಿಗೆ ಬಂದಾಗ ಸುತ್ತು ಹೊಡೆದು ಹೋಯಿತು.